ಹೆರಿಗೆ ಆಸ್ಪತ್ರೆಯಲ್ಲಿ, ಬಾಣಂತನ ಅಜ್ಜಿಯ ಕೈಯಲ್ಲಿ

ಮಕ್ಕಳೇ, "ಅಜ್ಜಿಯ ಆರು ಮಕ್ಕಳೂ ಮನೆಯ ಒಳಕೋಣೆಯಲ್ಲೇ ಹುಟ್ಟಿದರಂತೆ. ಹಾಗಾದರೆ ಚಿಕ್ಕಮ್ಮ ಯಾಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು?" ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಒಳ್ಳೆಯ ಪ್ರಶ್ನೆ. ಅಜ್ಜ ಅಜ್ಜಿಯರೂ ಜೊತೆಗೆ ಕುಳಿತು ಓದಲಿ.

ಹಿಂದೆ ಊರೂರಿಗೂ ಸೂಲಗಿತ್ತಿ ಇರುತ್ತಿದ್ದಳು. ಪಾವಗಡ ತಾಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿದ್ದೀರಲ್ಲ? ಆಸ್ಪತ್ರೆ ಹತ್ತಿರವಿಲ್ಲದ ಹಳ್ಳಿಗಳಲ್ಲಿ ಹಣ ಕೇಳದೆ ಸಾವಿರಾರು ಹೆರಿಗೆ ಮಾಡಿಸಿದವರು ಅವರು. 2018ರಲ್ಲಿ ಪದ್ಮಶ್ರೀ ಬಂತು. ಅಂಥವರ ತಾಳ್ಮೆ, ಬೆನ್ನು ನೀವುತ್ತಾ ಹೇಳುವ ಧೈರ್ಯದ ಮಾತು, ಇವಕ್ಕೆ ಬೆಲೆ ಕಟ್ಟಲಾಗದು.

ಆದರೆ "ನಮಗೇನೂ ಆಗಲಿಲ್ಲ" ಎಂದು ಜಗಲಿಯಲ್ಲಿ ಕುಳಿತು ಹೇಳುವವರು ಬದುಕಿ ಉಳಿದ ತಾಯಂದಿರು. ಉಳಿಯದವರ ಕಥೆ ಹೇಳುವವರಿಲ್ಲ. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಸುಮ್ಮನೆ ಅನ್ನಲಿಲ್ಲ.

ಈಗ ಓದು, ಕೆಲಸ ಎಂದು ಮದುವೆ ತಡವಾಗುತ್ತದೆ. 35 ದಾಟಿದ ಬಸುರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೆರಿಗೆಯ ನಂತರ ಹೆಚ್ಚು ರಕ್ತಸ್ರಾವ, ಇವುಗಳ ಸಂಭವ ಹೆಚ್ಚು. ಬಹಳ ಜನರಿಗೆ ಏನೂ ಆಗುವುದಿಲ್ಲ, ನಿಜ. ಯಾರಿಗೆ ಆಗುತ್ತದೆಂದು ಮೊದಲೇ ಹೇಳಲಾಗದು, ಅದೇ ತೊಡಕು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದ ಹಾಗೆ ಕುಗ್ಗಿ ರಕ್ತನಾಳಗಳನ್ನು ಅದುಮಬೇಕು. ಸಡಿಲವಾಗಿಯೇ ಉಳಿದರೆ ಇಂಜೆಕ್ಷನ್, ರಕ್ತ, ವೈದ್ಯರು ಎಲ್ಲ ಕೂಡಲೇ ಬೇಕು. ಸೂಲಗಿತ್ತಿಯ ಕೈ ಎಷ್ಟು ಪಳಗಿದ್ದರೂ ಮನೆಯಲ್ಲಿ ರಕ್ತದ ಚೀಲ ಇರುವುದಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್. ಸಂತೆಗೆ ಹೋಗುವವರಿಗೆ ಹತ್ತಿರ, ಆ ಹೊತ್ತಿನಲ್ಲಿ ಬಲು ದೂರ.

ನೆದರ್ಲೆಂಡ್ಸ್‌ನಲ್ಲಿ ಇಂದಿಗೂ ಕೆಲವರು ಮನೆಯಲ್ಲೇ ಹೆರುತ್ತಾರೆ. ಆದರೆ ಅಪಾಯ ಕಡಿಮೆ ಇರುವವರಿಗೆ ಮಾತ್ರ ಅದಕ್ಕೆ ಒಪ್ಪಿಗೆ. ಓದಿ ತರಬೇತಾದ ಸೂಲಗಿತ್ತಿ ಜೊತೆಗಿರುತ್ತಾಳೆ, ತೊಂದರೆಯಾದರೆ ಆಸ್ಪತ್ರೆಗೆ ಸಾಗಿಸುವ ಏರ್ಪಾಡೂ ಇರುತ್ತದೆ.

ಹಾಗಾದರೆ ಅಜ್ಜಿಗೆ ಕೆಲಸವಿಲ್ಲವೇ? ಇದೆ! ಆಸ್ಪತ್ರೆಯಲ್ಲಿ ಕಾಡುವುದು ಒಂಟಿತನ. ಹೆರಿಗೆಯ ಹೊತ್ತಿಗೆ ತಾಯಿ ಬಯಸಿದ ಒಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ತೊಂದರೆಯಾದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಎಂಬುದನ್ನೂ ಕೇಳಿಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಕರೆದೊಯ್ಯಿರಿ. ತಾಯಿ ಮಗು ಮನೆಗೆ ಬಂದ ಮೇಲೆ ಬಿಸಿ ಸಾರು, ಹದವಾದ ನೀರು, ಜೋಗುಳ ಎಲ್ಲ ನಿಮ್ಮದೇ.

ಮಕ್ಕಳೇ, ನಿಮಗೂ ಎರಡು ಕೆಲಸ. ತಾಯಿ ಕಾರ್ಡ್ ಮನೆಯಲ್ಲಿ ಎಲ್ಲಿದೆ ಎಂದು ತಿಳಿದಿರಿ. ಆಂಬುಲೆನ್ಸಿನ 108 ನಂಬರನ್ನೂ ನಿಮ್ಮ ಮನೆಯ ವಿಳಾಸವನ್ನೂ ತಡವರಿಸದೆ ಹೇಳಲು ಇವತ್ತೇ ಕಲಿಯಿರಿ.