ಆಜ್ಞೆಯಿಲ್ಲದೆ ಉರಿಯುವ ಕಿರಣ

ಲೇಸರ್ ಕಟ್ಟರ್ ಈಗ ಕಾರ್ಖಾನೆ ದಾಟಿ ಮನೆಗೆ ಬಂದಿದೆ. ಲಗ್ನಪತ್ರಿಕೆ ಕತ್ತರಿಸುವವರು, ನೇಮ್‌ಪ್ಲೇಟ್ ಮಾಡುವವರು, ಎಂಡಿಎಫ್ ಹಲಗೆಯಲ್ಲಿ ರಂಗೋಲಿ ಅಚ್ಚು ಕೊರೆಯುವವರು, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಅದನ್ನು ಅಂಗಡಿಯ ಹಿಂದಿನ ಕೋಣೆಯಲ್ಲೋ ಮಹಡಿಯ ಮೂಲೆಯಲ್ಲೋ ಇಟ್ಟುಕೊಳ್ಳುತ್ತಿದ್ದಾರೆ. ಈ ಹವ್ಯಾಸದವರಿಗೆಲ್ಲ ಪರಿಚಿತವಾದ ಯಂತ್ರ ಚೀನಾದಿಂದ ಬರುವ ಕೆ40. ಗಾಜಿನ ಕಾರ್ಬನ್ ಡೈಆಕ್ಸೈಡ್ ಟ್ಯೂಬು, 40 ವ್ಯಾಟ್ ಎಂಬ ಹೆಸರು, ಕೈಗೆಟಕುವ ಬೆಲೆ. ಅದರ ಜೊತೆ ಬರುವ ನಿಯಂತ್ರಣ ಬೋರ್ಡು ಸಾಲದೆನಿಸಿ ಕೊಂಡವರು ಬೇಗನೆ ಬೇರೆ ಬೋರ್ಡು ಹಾಕಲು ಮುಂದಾಗುತ್ತಾರೆ. ಕಿರಣವನ್ನು ಹೊತ್ತಿಸುವ ತಂತಿಗೆ ಹೊಸ ಕೈ ಬೀಳುವುದು ಆಗಲೇ. ಆ ತಂತಿಯ ಬಗ್ಗೆ, ಅವಘಡಕ್ಕೆ ಮುಂಚೆಯೇ ಮಾತಾಡಬೇಕಾಗಿದೆ.

ಕೆ40ರ ಕಿರಣದ ತರಂಗಾಂತರ 10.6 ಮೈಕ್ರೋಮೀಟರ್. ಅದು ಕಣ್ಣಿಗೆ ಕಾಣುವುದಿಲ್ಲ, ತಗುಲಿದರೆ ಕಣ್ಣಿನ ಮುಂಪದರವನ್ನು ಸುಡುತ್ತದೆ. ಅಗ್ಗದ ಡಯೋಡ್ ಯಂತ್ರಗಳ ನೀಲಿ ಕಿರಣ ಕಾಣುತ್ತದೆ, ಆದರೆ ನೇರ ಅಕ್ಷಿಪಟಕ್ಕೇ ಇಳಿಯುತ್ತದೆ. ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳಲು ಸುಮಾರು ಕಾಲು ಸೆಕೆಂಡು ಬೇಕು. ಅರ್ಧ ವ್ಯಾಟ್ ಮೀರಿದ ಲೇಸರ್‌ಗಳನ್ನೆಲ್ಲ ಅತ್ಯಂತ ಅಪಾಯಕಾರಿಯಾದ 4ನೇ ವರ್ಗಕ್ಕೆ ಸೇರಿಸಿರುವಾಗ, ಆ ನೀಲಿ ಕಿರಣದ ಎದುರು ಕಾಲು ಸೆಕೆಂಡು ತೀರಾ ತಡ.

ಈಗ ತಂತಿಯ ವಿಷಯಕ್ಕೆ ಬರೋಣ. ಕೆ40ರ ಪವರ್ ಸಪ್ಲೈಗಳಲ್ಲಿ ಸಾಮಾನ್ಯವಾಗಿ ಎಚ್, ಎಲ್, ಪಿ, ಜಿ, ಐಎನ್, 5ವಿ ಎಂಬ ಟರ್ಮಿನಲ್‌ಗಳಿರುತ್ತವೆ. ಎಲ್ ಅನ್ನು ಗ್ರೌಂಡ್‌ಗೆ, ಅಂದರೆ ಜಿಗೆ, ಎಳೆದರೆ ಕಿರಣ ಹೊತ್ತುತ್ತದೆ. ಎಚ್ ಅನ್ನು 5 ವೋಲ್ಟ್‌ಗೆ ಏರಿಸಿದರೂ ಹೊತ್ತುತ್ತದೆ. ಅಲ್ಲೇ ಟ್ಯೂಬಿನಿಂದ ಹಿಂದಿರುಗುವ ತಂತಿಗೆ ಎಲ್ ಮೈನಸ್ ಎಂದು ಬರೆದಿರುತ್ತಾರೆ. ಮನೆ ವೈರಿಂಗ್ ಮಾಡುವವರ ಪಾಲಿಗೆ ಎಲ್ ಅಂದರೆ ಫೇಸ್. ಎಷ್ಟೇ ಅನುಭವವಿರಲಿ, ಈ ಸಪ್ಲೈ ನೋಡಿರದ ಎಲೆಕ್ಟ್ರಿಷಿಯನ್ ಕೈಗೆ ಇದನ್ನು ಕೊಡಬೇಡಿ. ತಯಾರಕರಿಂದ ತಯಾರಕರಿಗೆ ಗುರುತುಗಳೂ ಬದಲಾಗುವುದರಿಂದ, ಬೇರೊಬ್ಬರ ಯಂತ್ರದ ಚಿತ್ರ ನೋಡಿ ವೈರ್ ಜೋಡಿಸುವುದೂ ಬೇಡ.

ಎಲ್ ತಂತಿ ತುಂಡಾದರೆ ಕಿರಣ ಆರುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಅದೇ ತಂತಿಯ ಸಿಪ್ಪೆ ಸವೆದು ಗ್ರೌಂಡ್‌ಗೆ ತಗುಲಿದರೆ ಯಾರೂ ಹೇಳದೆಯೇ ಕಿರಣ ಹೊತ್ತಿಕೊಳ್ಳುತ್ತದೆ. ಕೆಲವು ಡಯೋಡ್ ಲೇಸರ್‌ಗಳದ್ದು ಇದಕ್ಕೆ ತದ್ವಿರುದ್ಧ: ಸಂಕೇತದ ತಂತಿ ಕಳಚಿದರೆ ಪೂರ್ತಿ ಶಕ್ತಿಯಲ್ಲಿ ಉರಿಯುತ್ತವೆ. ಇನ್ನು ಬೋರ್ಡಿನ ಮಾತು. ಆರ್ಡುಯಿನೊದಂಥ ಬೋರ್ಡು ಎದ್ದು ತನ್ನ ಪ್ರೋಗ್ರಾಂ ಶುರುಮಾಡುವವರೆಗೆ ಅದರ ಪಿನ್ನುಗಳು ಮೇಲೂ ಇಲ್ಲ ಕೆಳಗೂ ಇಲ್ಲದ ಸ್ಥಿತಿಯಲ್ಲಿ ತೇಲುತ್ತಿರುತ್ತವೆ. ಕಂಪ್ಯೂಟರ್‌ನಲ್ಲಿ ಪೋರ್ಟ್ ತೆರೆದರೆ ಸಾಕು, ಆರ್ಡುಯಿನೊ ಊನೊ ರೀಸೆಟ್ ಆಗುತ್ತದೆ. ಆ ಕ್ಷಣದಲ್ಲಿ ಟ್ಯೂಬು ಮಿಂಚಬಹುದು, ನಿಮ್ಮ ಕೈ ಮುಚ್ಚಳದೊಳಗೆ ಹಲಗೆ ಸರಿಪಡಿಸುತ್ತಿರಬಹುದು. ಬೋರ್ಡಿನ ಪಿನ್ನಿಗೂ ಎಲ್ ಟರ್ಮಿನಲ್ಲಿಗೂ ನಡುವೆ ಸ್ವಿಚ್ಚಿನಂತೆ ಕೆಲಸಮಾಡುವ ಒಂದು ಮಾಸ್‌ಫೆಟ್ ಹಾಕಿ, ಅದರ ಗೇಟಿನಿಂದ ಗ್ರೌಂಡ್‌ಗೆ 10 ಕಿಲೋಓಮ್‌ನ ರೆಸಿಸ್ಟರ್ ಕೂರಿಸಿದರೆ, ಬೋರ್ಡು ಬಾಯಿಬಿಡುವವರೆಗೆ ಕಿರಣ ಆರಿಯೇ ಇರುತ್ತದೆ. ಒಂದೆರಡು ರೂಪಾಯಿಯ ಆ ರೆಸಿಸ್ಟರ್ ಬಿಟ್ಟ ವೈರಿಂಗನ್ನು ಅಪೂರ್ಣವೆಂದೇ ತಿಳಿಯಬೇಕು.

ಇಷ್ಟಾದರೂ ಹೊತ್ತಿಸುವ ತಂತಿಯನ್ನೇ ತಡೆಯುವ ತಂತಿಯೆಂದು ನಂಬುವಂತಿಲ್ಲ. ಮಾಸ್‌ಫೆಟ್ ಕೆಟ್ಟಾಗ ಅನೇಕ ಸಲ ಶಾರ್ಟ್ ಆಗಿಯೇ ನಿಲ್ಲುತ್ತದೆ. ಅದಕ್ಕೇ ಇರುವುದು ಪಿ ಟರ್ಮಿನಲ್. ಸಾಮಾನ್ಯ ಸಪ್ಲೈಗಳಲ್ಲಿ ಪಿ ಮತ್ತು ಜಿ ಕೂಡಿರುವವರೆಗೆ ಮಾತ್ರ ಕಿರಣಕ್ಕೆ ಅನುಮತಿ, ಅದು ಬಿಟ್ಟುಹೋದರೆ ಎಲ್ ಏನೇ ಹೇಳಲಿ ಟ್ಯೂಬು ಆರುತ್ತದೆ. ಮುಚ್ಚಳದ ಮೈಕ್ರೋಸ್ವಿಚ್, ಟ್ಯೂಬು ತಂಪಾಗಿಸುವ ನೀರಿನ ಫ್ಲೋ ಸ್ವಿಚ್, ಕೆಂಪು ಎಮರ್ಜೆನ್ಸಿ ಬಟನ್ ಮೂರನ್ನೂ ಈ ದಾರಿಯಲ್ಲಿ ಒಂದರ ಹಿಂದೊಂದು ಸೇರಿಸಬೇಕು. ಎಲ್ಲ ಸರಿಯಿದ್ದಾಗ ಮಾತ್ರ ಕೂಡುವ ಸ್ವಿಚ್‌ಗಳಾಗಿರಬೇಕು. ಆಗ ಸರಪಳಿಯಲ್ಲಿ ಎಲ್ಲಿ ತಂತಿ ಕಡಿದರೂ ಯಂತ್ರ ನಿಲ್ಲುತ್ತದೆ. ನಮ್ಮ ದೊಡ್ಡ ಆತಂಕ ಇಲ್ಲಿಯೇ ಇದೆ. ಎಷ್ಟೋ ಕೆ40 ಪೆಟ್ಟಿಗೆಗಳು ಮುಚ್ಚಳದ ಸ್ವಿಚ್ ಇಲ್ಲದೆಯೇ ಮಾರಾಟವಾಗುತ್ತವೆ. ಇದ್ದದ್ದು ತೊಡಕೆನಿಸಿದರೆ, ಯಂತ್ರ ಓಡಿದರೆ ಸಾಕೆಂದು ಪಿ ಮತ್ತು ಜಿ ನಡುವೆ ಒಂದು ತುಂಡು ತಂತಿ ಬೆಸೆದುಬಿಡುತ್ತಾರೆ. ಮುಚ್ಚಳ ತೆರೆದಿದ್ದನ್ನು ಬೋರ್ಡಿಗೆ ತಿಳಿಸಿ ಬೋರ್ಡೇ ನಿಲ್ಲಿಸಲಿ ಎಂದು ಬಿಡುವವರೂ ಇದ್ದಾರೆ. ಬೋರ್ಡೇ ತೂಕಡಿಸಿದಾಗ ಕೇಳುವವರು ಯಾರು? ಬೋರ್ಡಿನಲ್ಲಿ ಓಡುವ ಜಿಆರ್‌ಬಿಎಲ್ 1.1 ತಂತ್ರಾಂಶದ ಲೇಸರ್ ಮೋಡ್‌ನಲ್ಲಿ ಎಂ4 ಆದೇಶ ಬಳಸಿದರೆ ಲೇಸರ್ ತಲೆ ನಿಂತಾಗ ಕಿರಣವೂ ಆರುತ್ತದೆ. ಅದನ್ನು ಖಂಡಿತ ಬಳಸಿ. ಆದರೆ ಕಿರಣವನ್ನು ತಡೆಯುವ ಕೊನೆಯ ಅಧಿಕಾರ ತಾಮ್ರದ ತಂತಿ ಮತ್ತು ಸ್ವಿಚ್ಚಿನ ಕೈಯಲ್ಲೇ ಇರಲಿ.

ನಮ್ಮ ಊರುಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಕರೆಂಟಿನ ಬಗ್ಗೆ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ, ಮಾಲೀಕರು ಚಹಾಕ್ಕೆ ಏಳುತ್ತಾರೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಬೋರ್ಡಿಗೆ ಅದರಿಂದಲೇ ಯುಎಸ್‌ಬಿ ಶಕ್ತಿ ಸಿಗುತ್ತಿದೆ, ಆದೇಶಗಳು ಹರಿಯುತ್ತಲೇ ಇವೆ. ಕರೆಂಟ್ ಮರಳಿದಾಗ ಟ್ಯೂಬು ತಾನಾಗಿ ಜೀವಂತವಾಗುತ್ತದೆ, ಎಚ್ಚರವಿಡಲು ಎದುರಿಗೆ ಯಾರೂ ಇಲ್ಲ. ಮೋಟಾರು ಕದಲದೆ ಕಿರಣ ಒಂದೇ ಚುಕ್ಕೆಯಲ್ಲಿ ನಿಂತರೆ ಎಂಡಿಎಫ್ ಆಗಲಿ ಅಕ್ರಿಲಿಕ್ ಆಗಲಿ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ರೈತರಿಗೆ ಇದರ ಪರಿಹಾರ ಮೊದಲೇ ಗೊತ್ತು. ಪಂಪ್‌ಸೆಟ್ಟಿನ ಸ್ಟಾರ್ಟರ್ ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ, ಮತ್ತೆ ಯಾರಾದರೂ ಹಸಿರು ಬಟನ್ ಒತ್ತಿದರೆ ಮಾತ್ರ ಹಿಡಿಯುತ್ತದೆ. ಅಂಥದೇ ರಿಲೇ ಲೇಸರ್ ಸಪ್ಲೈಗೆ ಹೋಗುವ 230 ವೋಲ್ಟ್ ದಾರಿಯಲ್ಲಿರಬೇಕು. ಆಟೋ ಸ್ಟಾರ್ಟರ್ ಮಾತ್ರ ಇಲ್ಲಿ ಎಂದೆಂದಿಗೂ ಬೇಡ.

ಅರ್ಥಿಂಗ್ ಬಗ್ಗೆ ಒಂದು ಮಾತು. ಟ್ಯೂಬನ್ನು ಹೊತ್ತಿಸಲು ಸಾವಿರಾರು ವೋಲ್ಟ್ ಬೇಕು. ಹಿಂದಿರುಗುವ ತಂತಿ ಮುಂಫಲಕದ ಮಿಲಿಆಂಪ್ ಮೀಟರ್ ಮೂಲಕ ಹಾದುಬರುತ್ತದೆ. ಅದರ ನಟ್ಟು ಸಡಿಲವಾಗಿ ದಾರಿ ಕಡಿದರೆ ಆ ಹೈವೋಲ್ಟೇಜ್ ನೀವು ಬೆರಳಿಡುವ ಜಾಗದ ಹಿಂದೆಯೇ ಬಂದು ನಿಲ್ಲುತ್ತದೆ. ಅದಕ್ಕೇ, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಿ ಅರ್ಥಿಂಗ್ ತಪ್ಪಿಸುವ ಕನ್ವರ್ಟರ್ ಈ ಯಂತ್ರದ ಹತ್ತಿರ ಸುಳಿಯಬಾರದು.

ಮಾರುವವರು ಪಿ-ಜಿ ದಾರಿಯಲ್ಲಿ ಮುಚ್ಚಳದ ಸ್ವಿಚ್ ಕೂರಿಸದೆ ಯಂತ್ರವನ್ನು ಹೊರಗೆ ಕಳಿಸಬಾರದು. ಕಾಲೇಜುಗಳು ವಿದ್ಯಾರ್ಥಿಗಳು ಜೋಡಿಸಿದ ಲೇಸರ್‌ಗೆ ಕರೆಂಟ್ ಕೊಡುವ ಮೊದಲು ವೈರಿಂಗ್ ನಕ್ಷೆ ಕೇಳಿ, ಒಬ್ಬ ಅಧ್ಯಾಪಕರ ಸಹಿ ಹಾಕಿಸಬೇಕು. ಮನೆಯಲ್ಲಿ ಮಾಡುವವರು ಲೇಸರ್ ಸಪ್ಲೈ ಜೋಡಿಸುವ ಮೊದಲು 5 ವೋಲ್ಟ್‌ಗೂ ಹೊತ್ತಿಸುವ ತಂತಿಗೂ ನಡುವೆ 1 ಕಿಲೋಓಮ್ ರೆಸಿಸ್ಟರಿನೊಂದಿಗೆ ಒಂದು ಎಲ್‌ಇಡಿ ಕಟ್ಟಿ ನೋಡಲಿ. ಬೋರ್ಡಿಗೆ ಕರೆಂಟ್ ಕೊಡಿ, ತೆಗೆಯಿರಿ, ರೀಸೆಟ್ ಒತ್ತಿ, ಯುಎಸ್‌ಬಿ ಕಿತ್ತು ಮತ್ತೆ ಹಾಕಿ, ಕೆಲಸದ ಮಧ್ಯದಲ್ಲಿ ಸಂಕೇತದ ತಂತಿ ಎಳೆದುಬಿಡಿ. ಕಣ್ಣಿಗೆ ಸಿಗದ ಸಣ್ಣ ಮಿಂಚನ್ನು ಹಿಡಿಯಲು ಆಸಿಲೋಸ್ಕೋಪ್ ಇರುವವರ ನೆರವು ಪಡೆಯಿರಿ. ಎಲ್‌ಇಡಿ ಒಮ್ಮೆ ಮಿನುಗಿದರೂ, ಅದರ ಕಾರಣ ಸಿಗುವವರೆಗೆ ಟ್ಯೂಬಿನ ಸಪ್ಲೈ ಪೆಟ್ಟಿಗೆಯಲ್ಲೇ ಇರಲಿ.