ಮನೆ ನೋಡಲು ಬಂದವರು ಏನನ್ನು ನೋಡಿದರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಸರ್ಕಾರದ ವಸತಿ ಯೋಜನೆಗಳು ಬಂದ ಮೇಲೆ ಈ ಗಾದೆಗೆ ಇನ್ನೊಂದು ಮಾತು ಸೇರಿಸಬೇಕಾಗಿದೆ: ಇರುವ ಹಳೆಯ ಮನೆಯನ್ನು ಅಧಿಕಾರಿಗೆ ತೋರಿಸಿ ನೋಡು.

ಹನೂರು ತಾಲ್ಲೂಕಿನ ಶಾಗ್ಯದಲ್ಲಾಗಲಿ, ಸುತ್ತಲ ಊರುಗಳಲ್ಲಾಗಲಿ, ನಮ್ಮ ಜನರ ಹಳೆಯ ಮನೆ ಎಂದರೆ ಮಣ್ಣಿನ ಗೋಡೆ, ಮೇಲೆ ನಾಡಹೆಂಚು, ಒಳಗೆ ಗೆದ್ದಲು ಹಿಡಿದ ತೊಲೆ. ಅಜ್ಜ ಕಟ್ಟಿದ್ದು, ಅಪ್ಪ ಬಾಳಿದ್ದು, ಮಗ ಹೆಂಚು ಕೈಯಾಡಿಸುತ್ತ ಉಳಿಸಿಕೊಂಡಿದ್ದು. ಮಳೆ ನಂಬಿದ ಹೊಲ ಹೊಟ್ಟೆಗೆ ಸಾಲದೆ ಆ ಮಗ ಕೊಳ್ಳೇಗಾಲಕ್ಕೋ, ಬೆಂಗಳೂರಿಗೋ, ತಿರುಪ್ಪೂರಿನ ಗಿರಣಿಗೋ ದುಡಿಯಲು ಹೋಗಿದ್ದಾನೆ. ಮನೆಯಲ್ಲಿ ಉಳಿದವರು ಮುದುಕರು ಮತ್ತು ಮಕ್ಕಳು. ಅಧಿಕಾರಿ ಬಂದಾಗ ಬಾಗಿಲಲ್ಲಿ ನಿಲ್ಲುವವರೂ ಅವರೇ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಇಂಥದು ಒಂದೇ ಊರಿನ ಕಥೆಯೂ ಅಲ್ಲ. ಒಬ್ಬಳು ಮುದುಕಿ. ಮಗ ದೂರದ ನೂಲಿನ ಗಿರಣಿಯಲ್ಲಿ ಕೂಲಿ. ಮನೆ ನೋಡಲು ಬಂದವರು ಆಕೆಯನ್ನು ಬಾಗಿಲ ಮುಂದೆ ನಿಲ್ಲಿಸಿ ಫೋನಿನಲ್ಲಿ ಫೋಟೊ ತೆಗೆದರು. ಆಧಾರ್ ಕೇಳಿದರು. ಬೈಕು ಇದೆಯೆ, ಫ್ರಿಜ್ಜು ಇದೆಯೆ, ಮಗನ ಸಂಬಳ ಎಷ್ಟು ಎಂದರು. ಮುದುಕಿ ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ ಒಂದು ಮಾತು ಕೇಳಿದಳು: "ಹಿಂದ್ಗಡೆ ಗ್ವಾಡೆ ಹೊಟ್ಟೆ ಬುಟ್ಟದೆ ಕಣಪ್ಪ, ವಸಿ ಬಂದು ನೋಡು." ಬಂದಾತ ಕೆಟ್ಟವನಲ್ಲ, ನಮ್ಮ ನಿಮ್ಮಂತೆ ಸಂಬಳಕ್ಕೆ ದುಡಿಯುವವನೇ. ಆತ ಫೋನು ತೋರಿಸಿ, "ಅದಕ್ಕೆ ಇದರಲ್ಲಿ ಕಾಲಮ್ಮೇ ಇಲ್ಲ ಕಣವ್ವ" ಎಂದ.

ಆ ಮಳೆಗಾಲದಲ್ಲಿ ಹಿಂದಿನ ಗೋಡೆ ರಾತ್ರಿ ಹೊತ್ತು ಕುಸಿಯಿತು. ಮುದುಕಿ ಮುಂದಿನ ಜಗುಲಿಯಲ್ಲಿ ಮಲಗಿದ್ದರಿಂದ ಬದುಕಿದಳು. ಒಳಗೆ ಕಟ್ಟಿದ್ದ ಆಡು ಸತ್ತಿತು. ಮರುದಿನ ಎರಡನೆಯ ತನಿಖೆ ಬಂತು. ಈ ಸಲ ಪ್ರಶ್ನೆ ಬೇರೆ: ಮನೆ ನೂರಕ್ಕೆ ಎಷ್ಟು ಭಾಗ ಬಿದ್ದಿದೆ? ಗೋಡೆ ನಿಂತಿದ್ದಾಗ ಕೇಳದಿದ್ದ ಗೋಡೆಯ ಯೋಗಕ್ಷೇಮವನ್ನು ಅದು ಬಿದ್ದ ಮೇಲೆ ಟೇಪು ಹಿಡಿದು ಅಳೆದರು.

ಬಂಧುಗಳೆ, ಈ ತನಿಖೆ ಯಾರಿಗಾಗಿ? ಇಂದು ನಾವು ಕೇಳಬೇಕಾದ ಪ್ರಶ್ನೆ ಇದೊಂದೇ.

ಕಾಗದದ ಮೇಲಿನ ವಿಧಾನವನ್ನು ನೋಡೋಣ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಆರಂಭವಾಯಿತು. ಮಂಜೂರಾತಿಗೆ ಮುಂಚೆ ಈಗಿರುವ ಹಳೆಯ ಮನೆಯ ಫೋಟೊ, ಹೊಸ ಮನೆ ಏಳಬೇಕಾದ ಜಾಗದ ಫೋಟೊ, ಎರಡೂ ಜಿಪಿಎಸ್ ಗುರುತಿನೊಡನೆ ಏರಬೇಕು. ಕಟ್ಟುವಾಗ ಒಂದೊಂದು ಹಂತಕ್ಕೂ ಮತ್ತೆ ಫೋಟೊ. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಯೋಜನೆಗಳಲ್ಲೂ ಇದೇ ಕ್ರಮ: ಪಾಯ, ಗೋಡೆ, ಛಾವಣಿ, ಪೂರ್ಣ. ಫೋಟೊ ಏರಿದರೆ ಕಂತು, ಏರದಿದ್ದರೆ ಇಲ್ಲ.

ಹಳೆಯ ಮನೆಯ ಫೋಟೊದಲ್ಲಿ ಹುಡುಕುವುದೇನು? ಮನೆಗೆ ಎರಡಕ್ಕಿಂತ ಹೆಚ್ಚು ಕೋಣೆ ಇರಕೂಡದು. ಗೋಡೆಯೂ ಕಚ್ಚಾ, ಛಾವಣಿಯೂ ಕಚ್ಚಾ ಆಗಿರಬೇಕು. 2011ರ ಸಾಮಾಜಿಕ ಆರ್ಥಿಕ ಗಣತಿಯ ವಿಂಗಡಣೆಯಲ್ಲಿ ಕೈಯಲ್ಲಿ ತಟ್ಟಿದ ನಾಡಹೆಂಚು ಕಚ್ಚಾ. ಕಾರ್ಖಾನೆಯ ಹೆಂಚು, ತಗಡು, ಸಿಮೆಂಟು ಶೀಟು ಪಕ್ಕಾ. ಇದರ ಅರ್ಥ ಏನಾಯಿತು? ಸೋರುವ ಸೂರಿನ ಕೆಳಗೆ ಮಕ್ಕಳು ನೆನೆಯುತ್ತಾರೆಂದು ಸಂಘದಲ್ಲಿ ಸಾಲ ಮಾಡಿ ನಾಲ್ಕು ಶೀಟು ಹೊದಿಸಿದ ತಾಯಿ ಆ ದಿನದಿಂದ ಪಕ್ಕಾ ಛಾವಣಿಯವಳಾದಳು! ಕೆಳಗಿನ ಮಣ್ಣುಗೋಡೆ ಬಿರಿದಿದ್ದರೇನು, ಬಾಗಿದ್ದರೇನು, ಸೂರು ಪಕ್ಕಾ. ಕೈಲಾದ ರಿಪೇರಿ ಮಾಡಿಕೊಂಡವನಿಗೆ ದಂಡ, ಮನೆಯನ್ನು ಬೀಳಲು ಬಿಟ್ಟವನಿಗೆ ಅರ್ಹತೆ. ಬಡವನ ಬುದ್ಧಿವಂತಿಕೆಯನ್ನೇ ಅಪರಾಧ ಮಾಡುವ ಲೆಕ್ಕ ಇದು.

ಬೈಕು, ಫ್ರಿಜ್ಜು ಇದ್ದವರನ್ನು ಹೊರಗಿಡುವ ನಿಯಮ ವರ್ಷಗಟ್ಟಲೆ ನಡೆಯಿತು. ಹಳೆಯದೊಂದು ಬೈಕಿನ ಮೇಲೆ ಸೊಪ್ಪು ಹೇರಿಕೊಂಡು ಸಂತೆಗೆ ಹೋಗುವ ವ್ಯಾಪಾರಿಯೂ ಸಾಹುಕಾರನೆನಿಸಿದ. 2024ರಲ್ಲಿ ಹೊರಗಿಡುವ ಕಾರಣಗಳನ್ನು ಹದಿಮೂರರಿಂದ ಹತ್ತಕ್ಕೆ ಇಳಿಸಿ ಬೈಕು, ಫ್ರಿಜ್ಜುಗಳನ್ನು ಕೈಬಿಟ್ಟರು. ತಿಂಗಳ ಆದಾಯದ ಮಿತಿಯನ್ನು 10,000ದಿಂದ 15,000ಕ್ಕೆ ಏರಿಸಿದರು. ಒಳ್ಳೆಯದೇ ಆಯಿತು. ಆದರೆ ಅಷ್ಟು ವರ್ಷ ಬೈಕಿನ ಕಾರಣಕ್ಕೆ ಪಟ್ಟಿಯಿಂದ ಬಿದ್ದು ಅದೇ ಮಣ್ಣುಗೋಡೆಯ ಕೆಳಗೆ ಮಲಗಿದವರಿಗೆ ಉತ್ತರ ಹೇಳುವವರು ಯಾರು?

ಇನ್ನು ದುಡ್ಡಿನ ಮಾತು. ಕೇಂದ್ರದ ಯೋಜನೆಯಲ್ಲಿ ಮೈದಾನ ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ. 2024ರಲ್ಲಿ ಇನ್ನೂ 2 ಕೋಟಿ ಮನೆ ಕಟ್ಟಿಸುತ್ತೇವೆಂದು ಯೋಜನೆಯನ್ನು ಮುಂದುವರಿಸಿದಾಗಲೂ 2016ರ ಅದೇ ಮೊತ್ತವನ್ನೇ ಇಟ್ಟರು. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ 269 ಚದರ ಅಡಿ ಇರಬೇಕು. ಭಾಗಿಸಿ ನೋಡಿ: ಅಡಿಗೆ 446 ರೂಪಾಯಿ. ಈ ದರಕ್ಕೆ ಮನೆ ಎಬ್ಬಿಸುವ ಮೇಸ್ತ್ರಿ ಯಾವ ಊರಿನಲ್ಲಿದ್ದಾನೆ? ಮಿಕ್ಕದ್ದಕ್ಕೆ ಕೈಸಾಲ, ಬಡ್ಡಿ, ಹೆಂಡತಿಯ ಓಲೆ.

ಬೇರೆ ನಿವೇಶನವಿಲ್ಲದವನು ಕಟ್ಟುವುದು ಎಲ್ಲಿ? ಹಳೆಯ ಮನೆ ನಿಂತ ನೆಲದ ಮೇಲೆಯೇ. ಹಾಗಾದರೆ ಮೊದಲು ಇರುವ ಸೂರನ್ನು ಕೆಡವಬೇಕು. ಕೆಡವಿ, ಪಾಯ ತೆಗೆದು, ಫೋಟೊಕ್ಕೆ ಕಾಯಬೇಕು. ಫೋಟೊ ತೆಗೆಯುವವರು ರಜೆ, ಚುನಾವಣೆ ಕೆಲಸ, ನೆಟ್‌ವರ್ಕ್ ಇಲ್ಲ. ಫೋಟೊ ಏರಿದರೆ ಹಣ ಬಂದಿಲ್ಲ. ಅಷ್ಟರಲ್ಲಿ ಮಳೆ. ಟಾರ್ಪಾಲಿನ ಕೆಳಗೆ ಬಾಣಂತಿ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಮಾತು ಇಂಥವರನ್ನು ಕಂಡೇ ಹುಟ್ಟಿರಬೇಕು.

ದಾಖಲೆಯ ಗೋಳು ಬೇರೆ. ಇ-ಸ್ವತ್ತಿನ ನಮೂನೆ 9, ನಮೂನೆ 11 ತನ್ನಿ ಎನ್ನುತ್ತಾರೆ. ಮನೆಯ ಖಾತೆ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಅಣ್ಣತಮ್ಮಂದಿರು ನಾಲ್ಕು ಊರಿನಲ್ಲಿದ್ದಾರೆ. ಮೂರು ತಲೆಮಾರು ಅದೇ ಒಲೆಯಲ್ಲಿ ಮುದ್ದೆ ಬೇಯಿಸಿ ಉಂಡದ್ದಕ್ಕೆ ಸಾಕ್ಷಿ ಸಾಲದಂತೆ!

ಹಳೆಯ ಮನೆಯನ್ನು ಕೆಡವದೆ ಗಟ್ಟಿ ಮಾಡಿಕೊಳ್ಳುತ್ತೇನೆ ಎಂದರೆ? ಇಂದಿರಾ ಆವಾಸ್ ಯೋಜನೆಯಲ್ಲಿ 1999ರಿಂದ ಹಣದ ನೂರಕ್ಕೆ 20 ಭಾಗವನ್ನು ಕಚ್ಚಾ ಮನೆಗಳನ್ನು ಮೇಲ್ದರ್ಜೆಗೇರಿಸಲು ಇಟ್ಟಿದ್ದರು. ಮೊತ್ತ ಅಲ್ಪ, ಆದರೆ ದಾರಿಯೊಂದಿತ್ತು. 2016ರ ಯೋಜನೆ ಆ ದಾರಿಯನ್ನೂ ಮುಚ್ಚಿತು. ತೊಲೆ ಬದಲಿಸಿ, ಗೋಡೆಗೆ ಆನಿಕೆ ಕೊಟ್ಟು, ಬುಡಕ್ಕೆ ಕಲ್ಲು ಕಟ್ಟಿದರೆ ಇನ್ನೂ ಬಹುಕಾಲ ಬಾಳುವ ಮನೆಗೂ ಕಾಸಿಲ್ಲ. ಬಿದ್ದ ಮೇಲೆ ಬನ್ನಿ ಎನ್ನುತ್ತಾರೆ. ಬಿದ್ದರೆ ಸಿಗುವುದೇನು? 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೊತ್ತುಮಾಡಿದ ವಿಕೋಪ ಪರಿಹಾರದ ಪಟ್ಟಿಯಲ್ಲಿ, ಕನಿಷ್ಠ ನೂರಕ್ಕೆ 15 ಭಾಗ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಹೆಚ್ಚು ಬಡವನಿಗೆ ಕಡಿಮೆ ಪರಿಹಾರ! 2019ರ ಪ್ರವಾಹದಲ್ಲಿ ನಮ್ಮ ರಾಜ್ಯ ಸರ್ಕಾರ ಪೂರ್ತಿ ಬಿದ್ದ 'ಎ' ವರ್ಗದ ಮನೆಗೆ 5 ಲಕ್ಷ, ಅಲ್ಪ ಹಾನಿಯ 'ಸಿ' ವರ್ಗಕ್ಕೆ 50,000 ಎಂದಿತು. 'ಎ' ಮತ್ತು 'ಸಿ' ಅಕ್ಷರಗಳ ನಡುವೆ ನಾಲ್ಕೂವರೆ ಲಕ್ಷದ ಅಂತರ. ಬರೆಯುವ ಪೆನ್ನು ಒಬ್ಬರ ಕೈಯಲ್ಲಿ. ಅಂಥ ಪೆನ್ನಿನ ಸುತ್ತ ದಲ್ಲಾಳಿ ಹುಟ್ಟದೆ ಇರುತ್ತಾನೆಯೆ?

ಇದು ಹಳ್ಳಿಯವರ ಪಾಡು ಮಾತ್ರ ಎಂದು ಕೊಳ್ಳೇಗಾಲದ ಅಂಗಡಿಯವರೂ ನೇಕಾರರೂ ಸುಮ್ಮನಿರಬೇಕಾಗಿಲ್ಲ. ಪಟ್ಟಣದವರಿಗಾಗಿ 2015ರ ಯೋಜನೆಯಲ್ಲಿ, ಮನೆ ಸಾಲದ 6 ಲಕ್ಷದವರೆಗಿನ ಮೊತ್ತಕ್ಕೆ ನೂರಕ್ಕೆ 6.5ರ ಬಡ್ಡಿ ರಿಯಾಯಿತಿ ಇತ್ತು. ಕಡಿಮೆ ಆದಾಯದವರಿಗೆ ಅದು 2022ರ ಮಾರ್ಚಿಗೆ ನಿಂತಿತು. ರಿಯಾಯಿತಿ ಇರಲಿ ಬಿಡಲಿ, ಹಳೆಯ ಮನೆ ಕೊಳ್ಳಲು ಸಾಲಕ್ಕೆ ಹೋದರೆ ಬ್ಯಾಂಕಿನ ಎಂಜಿನಿಯರು ಮನೆ ನೋಡಲು ಬರುತ್ತಾರೆ. ಫೀಜು ಕಟ್ಟುವವನು ಸಾಲಗಾರ. ವರದಿ ಹೋಗುವುದು ಬ್ಯಾಂಕಿನ ಕಡತಕ್ಕೆ. ಅದರಲ್ಲಿರುವುದು ಈ ಮನೆ ಮಾರಿದರೆ ಎಷ್ಟು ಬಂದೀತು, ಸಾಲ ತೀರುವತನಕ ನಿಂತೀತೆ ಎಂಬ ಲೆಕ್ಕ. ಒಳಗೆ ವೈರು ಸುಟ್ಟಿದೆಯೆ, ಸಜ್ಜಾದ ಕಂಬಿ ತುಕ್ಕು ಹಿಡಿದಿದೆಯೆ ಎಂಬುದನ್ನು ಕೊಳ್ಳುವವನಿಗೆ ಹೇಳುವುದು ಆ ವರದಿಯ ಕೆಲಸವಲ್ಲ.

ಈ ರೋಗ ನಮ್ಮ ದೇಶದ್ದೇ ಅಲ್ಲ. ಜಗತ್ತಿಗೆ ಬುದ್ಧಿ ಹೇಳುವ ಅಮೆರಿಕಾದಲ್ಲಿ 1968ರಲ್ಲಿ ಬಡವರನ್ನು ಮನೆಯೊಡೆಯರನ್ನಾಗಿ ಮಾಡುವ ಕಾನೂನು ಬಂತು. ಬಡ್ಡಿಯ ದೊಡ್ಡ ಪಾಲನ್ನು ಸರ್ಕಾರವೇ ಕೊಡುವುದು, ಸಾಲಕ್ಕೆ ಸರ್ಕಾರವೇ ವಿಮೆ. ನಗರಗಳ ಮನೆ ದಲ್ಲಾಳಿಗಳು ಹಳೆಯ ಕೊಳೆತ ಮನೆಗಳನ್ನು ಅಗ್ಗಕ್ಕೆ ಹಿಡಿದು, ಮೇಲೆ ಬಣ್ಣ ಬಳಿದು, ಬಡ ಕರಿಯ ಕುಟುಂಬಗಳಿಗೆ ಮಾರಿದರು. ಕೊಂಡವರಲ್ಲಿ ಒಂಟಿ ತಾಯಂದಿರು ಬಹಳ. ಬೆಲೆ ಕಟ್ಟಲು ಬಂದವರಲ್ಲಿ ಹಲವರು ಲಂಚ ತಿಂದು ಮನೆ ಸೊಗಸಾಗಿದೆ ಎಂದು ಬರೆದುಕೊಟ್ಟರು. ಒಳಹೊಕ್ಕ ಮೇಲೆ ಸೂರು ಸೋರಿತು, ನಲ್ಲಿ ಒಡೆಯಿತು. ರಿಪೇರಿಗೂ ಕಂತಿಗೂ ಆಗದೆ ಡೆಟ್ರಾಯಿಟ್ ಮುಂತಾದ ನಗರಗಳಲ್ಲಿ ಸಾವಿರಾರು ಮನೆಗಳನ್ನು ಜನ ಬಿಟ್ಟುಹೋದರು. ಸಾಲ ಕೊಟ್ಟವರಿಗೆ ವಿಮೆಯ ಹಣ ಬಂತು. ಮನೆ ಕಳೆದುಕೊಂಡವರಿಗೆ ಕೆಟ್ಟ ಹೆಸರು ಬಂತು. ಹಗರಣ ಬಯಲಾಗಿ 1971ರ ಜನವರಿಯಲ್ಲಿ ಹಳೆಯ ಮನೆಗಳಿಗೆ ಈ ಸಾಲವನ್ನು ತಡೆಹಿಡಿದರು. 1973ರ ಜನವರಿಯಲ್ಲಿ ನಿಕ್ಸನ್ ಸರ್ಕಾರ ಯೋಜನೆಯನ್ನೇ ನಿಲ್ಲಿಸಿತು. ತಪ್ಪು ತನಿಖೆಯದು, ಶಿಕ್ಷೆ ಬಡವನದು. ಅಲ್ಲಿಯೂ ತನಿಖೆಗಾರ ಕಾದದ್ದು ಹಣವನ್ನು, ವಾಸಮಾಡುವವರನ್ನಲ್ಲ.

ಹಾಗಾದರೆ ತನಿಖೆಯೇ ಬೇಡವೆ? ಹಾಗೆ ಹೇಳುವವರು ನಾವಲ್ಲ. ಕಾಗದದ ಮೇಲೆ ಮನೆ ಕಟ್ಟಿ ಹಣ ನುಂಗಿದವರನ್ನು ನಾವು ಕಂಡಿದ್ದೇವೆ. ಒಂದೇ ಮನೆಗೆ ಎರಡು ಹೆಸರಿನಲ್ಲಿ ಬಿಲ್ಲು ಮಾಡಿಸಿದವರಿಗೆ ಜಿಪಿಎಸ್ ಫೋಟೊ ಕಡಿವಾಣ ಹಾಕಿದ್ದರೆ ಅದು ಸಂತೋಷದ ಮಾತೇ. ಕಳ್ಳನನ್ನು ಹಿಡಿಯಲಿ. ಆದರೆ ಕಳ್ಳನನ್ನು ಹಿಡಿಯುವ ಬಲೆಯಲ್ಲಿ ಮನೆಯವನನ್ನೇ ಸಿಕ್ಕಿಸಿ ಒದ್ದಾಡಿಸುವುದು ಎಂಥ ನ್ಯಾಯ? ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ತನಿಖೆಗೆ ಬಂದವರು ಹಾಜರಿ ಪುಸ್ತಕದ ಒಂದೊಂದು ಗೆರೆಯನ್ನೂ ಎಣಿಸಿ, ನೆತ್ತಿಯ ಮೇಲೆ ಬಿರಿದಿದ್ದ ಸೂರಿನ ಕೆಳಗೇ ಕಾಫಿ ಕುಡಿದು ಎದ್ದುಹೋದರು. ಪುಸ್ತಕ ಸರಿಯಾಗಿತ್ತು, ಮಕ್ಕಳ ತಲೆಯ ಚಿಂತೆ ಯಾರಿಗೂ ಇರಲಿಲ್ಲ. ಮನೆಯ ತನಿಖೆಯೂ ಅದೇ ಜಾತಿಯದು.

ಆದ್ದರಿಂದ ನಮ್ಮ ಬೇಡಿಕೆ ತನಿಖೆಯ ಮುಖವನ್ನು ತಿರುಗಿಸಬೇಕೆಂಬುದು.

ಒಂದು: ಮನೆ ನೋಡಲು ಬಂದವರು ಗೋಡೆ, ತೊಲೆ, ಸೂರು, ವೈರು ನೋಡತಕ್ಕದ್ದು. ಅಪಾಯವಿದ್ದರೆ ಕನ್ನಡದಲ್ಲಿ ಬರೆದು, ಅದರ ಪ್ರತಿಯನ್ನು ಮನೆಯವರ ಕೈಗೆ ಕೊಡತಕ್ಕದ್ದು. ಬ್ಯಾಂಕಿನ ಎಂಜಿನಿಯರಿಗೂ ಇದೇ ಮಾತು.

ಎರಡು: ಹಳೆಯ ಮನೆ ಗಟ್ಟಿ ಮಾಡಲು ರಿಪೇರಿ ಸಹಾಯಧನ ಮತ್ತೆ ಬರಬೇಕು. ಶೀಟು ಹೊದಿಸಿದ್ದೇ ಅನರ್ಹತೆಯಾಗಬಾರದು.

ಮೂರು: ಸ್ವಂತ ಸೂರು ಕೆಡವಿ ಕಟ್ಟಬೇಕಾದವನಿಗೆ ಮೊದಲ ಕಂತು ಕೆಡಹುವ ಮುನ್ನವೇ ಕೈ ಸೇರಬೇಕು. ಹಂತ ಮುಗಿದಿದೆ ಎಂದು ತಿಳಿಸಿದ ಹದಿನೈದು ದಿನದೊಳಗೆ ಫೋಟೊ ಆಗಬೇಕು. ಆಗದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು.

ನಾಲ್ಕು: ಯಾರ ಮನೆ ನೋಡಿದರು, ಏನು ಬರೆದರು, ಯಾರನ್ನು ಬಿಟ್ಟರು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಬಿಟ್ಟುಹೋದವನು ಅಲ್ಲಿಯೇ ಎದ್ದು ಕೇಳುವಂತಿರಬೇಕು.

ಇವನ್ನು ಯಾರೂ ತಾವಾಗಿ ಕೊಡುವುದಿಲ್ಲ, ಕೇಳಿ ಪಡೆಯಬೇಕು. ಗಿರಣಿಯಲ್ಲಿ ದುಡಿಯುವ ಸಂಗಾತಿಗಳೆ, ಮುಂದಿನ ಸಲ ಊರಿಗೆ ಹೋದಾಗ ಹಬ್ಬದೂಟದ ಜೊತೆಗೆ ಇನ್ನೊಂದು ಕೆಲಸ ಮಾಡಿ. ತಾಯಿ ಮಲಗುವ ಕೋಣೆಯ ಹಿಂದಿನ ಗೋಡೆಗೆ ಕೈಯಿಟ್ಟು ನೋಡಿ. ಅದು ಹೊಟ್ಟೆ ಬಿಟ್ಟಿದ್ದರೆ ಅರ್ಜಿ ಬರೆದು ಪಂಚಾಯಿತಿಗೆ ಕೊಡಿ, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ಒಬ್ಬನ ಅರ್ಜಿ ಕಡತ ಸೇರುತ್ತದೆ. ಬೀದಿಯವರೆಲ್ಲ ಒಟ್ಟಿಗೆ ಕೊಟ್ಟ ಅರ್ಜಿಗೆ ಉತ್ತರ ಬರುತ್ತದೆ. ಬಾರದಿದ್ದರೆ ಗ್ರಾಮಸಭೆ ಇದೆ, ಅಲ್ಲಿ ನಿಮ್ಮ ಜೊತೆ ನಾವೂ ಇರುತ್ತೇವೆ.

ಫೋನಿನಲ್ಲಿ ಕಾಲಮ್ ಇಲ್ಲವಂತೆ. ಹಾಗಿದ್ದರೆ ಕಾಲಮ್ ಸೇರಿಸಲಿ. ಗೋಡೆ ಬೀಳುವುದಕ್ಕೆ ಮುಂಚೆ ಸೇರಿಸಲಿ.