ರಾಣಿಯ ಪೆಟ್ಟಿಗೆಯಲ್ಲಿದ್ದ ಜಾತಕ

ಹಳೇ ವಾಡೆ, ಬೀಗ ಹಾಕಿದ ಪೆಟ್ಟಿಗೆ, ಮನೆಯ ಹಿರಿಯರು ಬಾಯಿ ಬಿಡದ ಒಂದು ಸಾವು. ಇಷ್ಟಿದ್ದರೆ ಐತಿಹಾಸಿಕ ಪತ್ತೇದಾರಿ ಕಾದಂಬರಿಯನ್ನ ಕೆಳಗಿಡೋಕೆ ಮನಸ್ಸೇ ಬರೋದಿಲ್ಲ. ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’, ‘ಕರಿಸಿರಿಯಾನ’ ಓದ್ತಾ ನಿದ್ದೆಗೆಟ್ಟವರಿಗೆ ಇದು ಗೊತ್ತು. ಅಂಥವರಿಗೆ ಈ ವಾರ ಹೇಳೋ ಪುಸ್ತಕ ಕಾದಂಬರಿ ಅಲ್ಲ, ಆದರೂ ಓಟ ಅದೇ. ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ, ‘ದಿ ಸ್ಟೋರಿ ಆಫ್ ಮೈ ಲೈಫ್’.

ಯಾದಗಿರಿಯಿಂದ ಬಸ್ ಹತ್ತಿದರೆ ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡ, ಮುಂದೆ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್. ನಾವೆಲ್ಲ ಫೋಟೊ ತಕ್ಕೊಂಡು ಬರೋ ಜಾಗ. ಅದನ್ನ ಕಟ್ಟಿಸಿದಾತ ಸುರಪುರದ ಆಡಳಿತಕ್ಕೆ ಬರೋ ಮೊದಲೇ, 1839ರಲ್ಲಿ, ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದು ಹೆಸರಾಗಿದ್ದ. ಅಪರಾಧದ ಕಥೆ ಹೇಳೋದರಲ್ಲಿ ಪಳಗಿದ ಕೈ. ಇದನ್ನ ನೆನಪಿಟ್ಟುಕೊಳ್ರಿ.

ಬಾಲಕ ರಾಜ ವೆಂಕಟಪ್ಪ ನಾಯಕ ಟೇಲರ್‌ನನ್ನ ‘ಅಪ್ಪಾ’ ಅಂತಿದ್ದ. ಒಮ್ಮೆ ರಾಣಿ ಈಶ್ವರಮ್ಮ ಕಾಯಿಲೆ ಬಿದ್ದಾಗ ಮಗನ ಜಾತಕದ ಗುಟ್ಟು ಟೇಲರ್ ಕಿವಿಗೆ ಬೀಳ್ತದೆ: ಹುಡುಗನಿಗೆ 24 ತುಂಬೋದಿಲ್ಲ. ಅರಮನೆಯಲ್ಲಿ ಬೆರಳೆಣಿಕೆಯ ಜನರಿಗಷ್ಟೇ ಗೊತ್ತಿದ್ದ ಮಾತು.

1858ರಲ್ಲಿ ರಾಜ ಬ್ರಿಟಿಷರ ಮೇಲೆ ತಿರುಗಿಬಿದ್ದ, ಸೋತ, ಸೆರೆಸಿಕ್ಕ. ಸೆರೆಮನೆಗೆ ಹೋದ ಟೇಲರ್ ಮುಂದೆ, ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿದರೆ ಆದೀತು ಅಂದನಂತೆ. ಮರಣದಂಡನೆ ಇಳೀತಾ ಇಳೀತಾ ನಾಲ್ಕು ವರ್ಷದ ಸೆರೆಯಾಯ್ತು. ಬದುಕಿಕೊಂಡ ಅಂತ ನಾವು ಉಸಿರುಬಿಡೋ ಹೊತ್ತಿಗೆ, ಸಾಗಿಸುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ರಾಜ ಸತ್ತ.

ತಾನೇ ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ, ಯಾರಾದರೂ ಹಾರಿಸಿದರೋ?

ಇಲ್ಲಿಂದ ಪತ್ತೇದಾರಿ ಕೆಲಸ ಓದುಗನದು. ನನಗೆ ಖುಷಿ ಕೊಟ್ಟಿದ್ದೂ ಇದೇ. ಪುಸ್ತಕ ಬಂದದ್ದು 1877ರಲ್ಲಿ, ಟೇಲರ್ ತೀರಿಕೊಂಡ ಮರುವರ್ಷ. ಅಷ್ಟು ಹೊತ್ತಿಗೆ ರಾಜನೂ ಇಲ್ಲ, ರಾಣಿಯೂ ಇಲ್ಲ. ಭವಿಷ್ಯ ಅಷ್ಟು ಕರಾರುವಾಕ್ಕಾಗಿ ನಿಜವಾಯ್ತಾ, ಇಲ್ಲಾ ಪಳಗಿದ ಕೈ ಕಥೆಗೆ ಒಂದಿಷ್ಟು ಹದ ಕೊಟ್ಟಿತಾ? ಜಾತಕದ ಭಾಗ ನಾನು ಅರ್ಧ ನಂಬ್ತೀನಿ. ‘ಅಪ್ಪಾ’ ಅನ್ನೋ ಮಾತನ್ನ ಮಾತ್ರ ಪೂರ್ತಿ ನಂಬ್ತೀನಿ; ಅಪ್ಪ ಅನ್ನಿಸಿಕೊಂಡವನೇ ಗೆದ್ದವರ ಕಡೆ ಇದ್ದ ಅನ್ನೋದನ್ನ ಆತ ಮುಚ್ಚಿಡೋಕೆ ಹೋಗಿಲ್ಲ.

ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಫೋನಿನಲ್ಲೇ ಪುಕ್ಕಟೆ ಸಿಗ್ತದೆ. ಸುರಪುರ ಕಡೆಯವರಿದ್ದರೆ, ಈ ಸಾವಿನ ಬಗ್ಗೆ ನಿಮ್ಮ ಮುತ್ಯಾ ಏನು ಹೇಳ್ತಿದ್ದರು ಅಂತ ಬರೀರಿ.